ಭೈರಮ್ಮನಿಗೆ ಆರನೇ ನಂಬರು

ಕೊಪ್ಪದ ದೂರವಾಣಿ ಕಚೇರಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದ ಸುಮಲತಾ ಅವರಿಗೆ, ಇಬ್ಬರು ಒಟ್ಟಿಗೆ ಮಾತಾಡಿದರೆ ತಲೆನೋವು ಬರುತ್ತಿತ್ತು. ಅಂಥವರ ಊರಿಗೆ ವಾಕಿಟಾಕಿ ಬಂತು.

ಅವರಿದ್ದ ಹಿರೇಕೊಡಿಗೆಯ ಮೂಲೆಯಲ್ಲಿ ಮೊಬೈಲ್ ಸಿಗದು. ಆನೆ ಬಂದರೆ ತಿಳಿಸಲೆಂದು ಆರು ಮನೆಯವರು ಸೇರಿ ಮನೆಗೊಂದು ಸೆಟ್ಟು ತರಿಸಿದ್ದರು. ಗುಡ್ಡ ಅಡ್ಡವಿದ್ದುದರಿಂದ ಒಬ್ಬರ ಮಾತು ಒಂದೆರಡು ಮನೆಗಷ್ಟೇ ಮುಟ್ಟುತ್ತಿತ್ತು. ಆಚೆಯವರಿಗೆ ಕೇಳಿತೋ ಇಲ್ಲವೋ ಯಾರಿಗೂ ತಿಳಿಯದು. ಹಾಗಾಗಿ ‘ಆನೆ’ ಎಂದದ್ದೇ ತಡ, ಕೇಳಿದವರೆಲ್ಲ ಆಚೆಯವರಿಗೆ ದಾಟಿಸಲು ಒಟ್ಟಿಗೆ ಗುಂಡಿ ಒತ್ತುತ್ತಿದ್ದರು. ಸೆಟ್ಟಿನಲ್ಲಿ ಬರೀ ಕರಕರ.

ಸುಮಲತಾ ಎಲ್ಲರನ್ನೂ ಕೂರಿಸಿ ಒಂದರಿಂದ ಆರರವರೆಗೆ ನಂಬರು ಕೊಟ್ಟರು. “ಸುದ್ದಿ ಕೇಳಿದ ಕೂಡ್ಲೆ ಬಾಯಿ ಬಿಡ್ಬೇಡಿ. ನಿಮ್ಮ ನಂಬರಿನಷ್ಟು ಸಲ ಉಸಿರು ಎಳೆದು ಬಿಡಿ. ಅಷ್ಟರಲ್ಲಿ ಬೇರೆಯವ್ರು ಹೇಳಿದ್ರೆ ಸುಮ್ನಿರಿ. ಯಾರೂ ಹೇಳದಿದ್ರೆ ನೀವು ಹೇಳಿ.”

ಗುಡ್ಡದ ತುದಿಯ ಭೈರಮ್ಮನಿಗೆ ಕೊನೆಯ ನಂಬರು ಸಿಕ್ಕಿತು. ಅವರ ಸೆಟ್ಟಿನ ಮಾತು ಉಳಿದ ಐದೂ ಮನೆಗೆ ಕೇಳುತ್ತಿತ್ತು. ಮಾತು ಶುರುವಾದರೆ ನಿಲ್ಲುತ್ತಿರಲಿಲ್ಲ.

“ನಾನೆಂತ ಪಾಪ ಮಾಡಿದ್ದೆ ಮಾರಾಯ್ತಿ?” ಎಂದು ಭೈರಮ್ಮ ಮುಖ ಊದಿಸಿದರು.

“ಎಲ್ರೂ ಕೈ ಬಿಟ್ರೆ ನೀವೇ ಗತಿ,” ಎಂದು ಸುಮಲತಾ ಸಮಾಧಾನ ಹೇಳಿದರು.

ಒಂದು ಮಧ್ಯಾಹ್ನ ರಘುಪತಿಯ ಬಾಳೆತೋಟಕ್ಕೆ ಆನೆ ನುಗ್ಗಿತು. ಅವನು ಸೆಟ್ಟಿನಲ್ಲಿ ಕೂಗಿದ್ದು ಪಕ್ಕದ ಮನೆಯ ಸುಮಲತಾರ ಸೆಟ್ಟಿಗೂ ಮೇಲಿನ ಭೈರಮ್ಮನ ಸೆಟ್ಟಿಗೂ ಮಾತ್ರ ಮುಟ್ಟಿತು. ಸುಮಲತಾ ಸೆಟ್ಟನ್ನು ಒಳಗಿಟ್ಟು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದರು; ಅವರಿಗೆ ಕೇಳಲಿಲ್ಲ. ಭೈರಮ್ಮ ಆರು ಉಸಿರು ಎಳೆದರು. ಯಾರದೂ ದನಿಯಿಲ್ಲ. ಗುಂಡಿ ಒತ್ತಿದರು.

“ರಘುಪತಿ ತೋಟಕ್ಕೆ ಆನೆ! ಎಲ್ರೂ ಒಳಗೋಗಿ!”

ಒಳಗಿನ ಸೆಟ್ಟಿನಿಂದ ಭೈರಮ್ಮನ ದೊಡ್ಡ ದನಿ ಬಟ್ಟೆ ಒಗೆಯುವ ಸದ್ದನ್ನೂ ಮೀರಿ ಸುಮಲತಾರಿಗೆ ಕೇಳಿತು. ಒದ್ದೆ ಸೀರೆ ಕಲ್ಲಿನ ಮೇಲೇ ಬಿಟ್ಟು ಒಳಗೆ ಓಡಿ ಚಿಲಕ ಹಾಕಿದರು. ಊರೆಲ್ಲ ಕ್ಷಣದಲ್ಲಿ ಬಾಗಿಲು ಮುಚ್ಚಿತು. ತಮ್ಮ ಉಪಾಯ ಫಲಿಸಿತೆಂದು ಸುಮಲತಾರಿಗೆ ಹೆಮ್ಮೆ. ಸೆಟ್ಟನ್ನು ಒಳಗಿಟ್ಟದ್ದಕ್ಕೆ ನಾಚಿಕೆ.

ಆದರೆ ಭೈರಮ್ಮ ಗುಂಡಿ ಬಿಡಲಿಲ್ಲ. ಆನೆಯಿಂದ ಮಂಡಿನೋವಿಗೆ, ಮಂಡಿನೋವಿನಿಂದ ಸೊಸೆ ಮಾಡಿದ ಸಾರಿನ ರುಚಿಗೆ ಬಂದರು. ಅಷ್ಟರಲ್ಲಿ ಆನೆ ಕಾಡು ಸೇರಿತ್ತು. ಅದನ್ನು ತಿಳಿಸಲು ರಘುಪತಿಗೆ ಸೆಟ್ಟಿನಲ್ಲಿ ಜಾಗವೇ ಸಿಗಲಿಲ್ಲ. ಕಡೆಗೆ ಅವನು ಬೇಲಿಯಾಚೆಯಿಂದ ಸುಮಲತಾರಿಗೆ ಕೂಗಿ ಹೇಳಿದ.

ಸುಮಲತಾ ಏದುಸಿರು ಬಿಡುತ್ತ ಗುಡ್ಡ ಹತ್ತಿದರು. “ಆನೆ ಹೋಯ್ತು ಭೈರಮ್ಮ! ಮೊದ್ಲು ಬೆರಳು ತೆಗೀರಿ!”

“ಹೋಯ್ತಾ? ಹಂಗಾದ್ರೆ ಬಾ, ಕೂತ್ಕೋ. ಕಾಫಿ ಮಾಡ್ತೆ,” ಎಂದರು ಭೈರಮ್ಮ, ಒತ್ತಿದ ಗುಂಡಿಯಿಂದ ಇನ್ನೂ ಬೆರಳು ತೆಗೆಯದೆ.

ಹಾಲು ಉಕ್ಕುವ ಮೊದಲೇ ಉಳಿದ ನಾಲ್ಕೂ ಮನೆಯವರು ಜಗಲಿಗೆ ಬಂದು ಕೂತಿದ್ದರು.