ಹೊಳೆ ಬರುವ ತನಕ

ಎಪ್ಪತ್ತರ ದಶಕದ ಒಂದು ಬೇಸಿಗೆ. ಮುಡುಕುತೊರೆಯ ಬಳಿ, ಬತ್ತಿದ್ದ ಕಾವೇರಿಯ ಮರಳಿನಲ್ಲಿ ಹೆಂಗಸೊಬ್ಬರು ಸೌತೆ ಬಳ್ಳಿ ಹಬ್ಬಿಸಿದ್ದರು. ಮರಳಲ್ಲೇ ಗುಂಡಿ ತೋಡಿ, ಒಸರಿದ ನೀರನ್ನು ಚೆಂಬಿನಲ್ಲಿ ಮೊಗೆದು ಬಳ್ಳಿಗಳ ಬುಡಕ್ಕೆ ಹಾಕುತ್ತಿದ್ದರು.

ಹೆರಿಗೆ ರಜೆ ಹಾಕಿದ್ದ ಟೀಚರೊಬ್ಬರ ಬದಲಿಗೆ ಮೂರು ತಿಂಗಳು ಪಾಠ ಮಾಡಲು ಆಚೆ ದಡದ ಶಾಲೆಯವರು ನನ್ನನ್ನು ಕರೆದಿದ್ದರು. ಮೂರು ತಿಂಗಳಿಗೆಲ್ಲ ಯಾರು ಹೋಗುತ್ತಾರೆ ಎಂದುಕೊಂಡು, ಬೇಡವೆಂದು ಹೇಳಿಬರಲು ಹೊಳೆ ದಾಟುತ್ತಿದ್ದೆ.

"ನೀರು ಬಂದ್ರೆ ಎಲ್ಲಾ ಕೊಚ್ಕೊಂಡು ಹೋಗುತ್ತಲ್ಲಮ್ಮ?" ಎಂದೆ.

"ಓಯ್ತದೆ ಕಣಪ್ಪ. ಒಳೆ ಬರೋಗಂಟ ನಂದೇ ಅಲ್ವಾ?" ಎನ್ನುತ್ತಾ ಎಳೆ ಸೌತೆಯೊಂದನ್ನು ಕಿತ್ತು ಕೊಟ್ಟರು.

ಸೌತೆ ಮೆಲ್ಲುತ್ತಾ ಶಾಲೆಗೆ ಹೋದವನು ಕೆಲಸ ಒಪ್ಪಿಕೊಂಡೇ ಬಂದೆ. ಆಮೇಲಿನ ಆಯುಷ್ಯವೆಲ್ಲ ಬ್ಯಾಂಕಿನಲ್ಲಿ ಕಳೆಯಿತು. ಆದರೆ ಆ ಊರಿನವರಿಗೆ ನಾನು ಇಂದಿಗೂ ಮೇಷ್ಟ್ರು.