ಉಸ್ತಾದಾ ಬತೂಲರ ಗುರುತಿಲ್ಲದ ರೊಟ್ಟಿ

ಚಳಿಗಾಲದ ಒಂದು ಶುಕ್ರವಾರ ಬೆಳಿಗ್ಗೆ ನಾನು ರೊಟ್ಟಿಯ ಹಲಗೆ ಹಿಡಿದು ನಮ್ಮ ಬೀದಿಯ ರೊಟ್ಟಿ ಭಟ್ಟಿಗೆ ಹೋದಾಗ, ಎಲ್ಲರೂ ‘ಬಾ’, ಅಂದರೆ ಅಪ್ಪ, ಎಂದು ಕರೆಯುವ ಯಜಮಾನ ಬಾ ಅಲ್ಲಾಲ್ ಒಲೆ ಬಿಟ್ಟು ಬಾಗಿಲಲ್ಲಿ ನಿಂತಿದ್ದರು.

“ಲಲ್ಲಾ ತಾಮೂ, ಉಸ್ತಾದಾ ಹಲಗೆ ಇನ್ನೂ ಬಂದಿಲ್ಲ. ತಡ ಮಾಡೋರಲ್ಲ ಅವರು. ಒಂದ್ಸಲ ಬಾಗಿಲು ತಟ್ಟಿ ಬರ್ತೀರಾ?”

ಉಸ್ತಾದಾ ಎಂದರೆ ಶಿಕ್ಷಕಿ ಬತೂಲರು; ಅವರ ಮನೆಯ ಇನ್ನೊಂದು ಬೀಗದ ಕೈ ನನ್ನಲ್ಲಿತ್ತು. ಒಳಗೆ ನಾದಿಟ್ಟ ಹಿಟ್ಟು ಉಬ್ಬಿ ಪಾತ್ರೆಯ ಅಂಚು ದಾಟಿತ್ತು. ಮುಂಜಾನೆಯ ನಮಾಜು ಮುಗಿಸಿ, ಹಿಟ್ಟು ನಾದಿ, ಸ್ವಲ್ಪ ಒರಗಿದವರು ಮತ್ತೆ ಏಳಲಿಲ್ಲ.

ಈ ಬೇಸಿಗೆಯಲ್ಲಿ ನಿವೃತ್ತರಾಗಬೇಕಿದ್ದ ಅವರಿಗಾಗಿ ಶಿಷ್ಯೆಯರು ಈ ಅಭಿನಂದನಾ ಸಂಪುಟವನ್ನು ಸಿದ್ಧಪಡಿಸುತ್ತಿದ್ದರು. ನಾನು ಮೊದಲು ಬರೆದುಕೊಟ್ಟ ಲೇಖನ ದೀರ್ಘಾಯುಷ್ಯದ ಹಾರೈಕೆಯೊಂದಿಗೆ ಮುಗಿದಿತ್ತು. ಅದನ್ನು ವಾಪಸ್ಸು ಪಡೆದು ಇದನ್ನು ಬರೆಯುತ್ತಿದ್ದೇನೆ.

ಫೆಸ್ ನಗರದ ಹಳೆಯ ಪೇಟೆಯ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಗಣಿತವೆಂದರೆ ಉಸ್ತಾದಾ ಬತೂಲ್ ಲಹ್ಲೂ ಎಂಬಂತಿತ್ತು. ನಾನು ಅಲ್ಲಿ ಅರಬ್ಬಿ ಕಲಿಸುತ್ತಿದ್ದೆ. ಅವರು ಹೊಸದಾಗಿ ಸೇರಿದಾಗ ಬಹಳ ಬಿಗಿಯವರೆಂದು ಮಕ್ಕಳು ಹೆದರಿದ್ದರು. ಆದರೆ ತಿದ್ದಿದ ಉತ್ತರಪತ್ರಿಕೆಗಳನ್ನು ಅವರು ಎಂದೂ ಅಂಕ ಓದಿ ಕೊಡಲಿಲ್ಲ. ಪ್ರತಿಯೊಬ್ಬಳ ಮೇಜಿನ ಮೇಲೂ ಮಗುಚಿಟ್ಟು ಮುಂದೆ ಹೋಗುತ್ತಿದ್ದರು. ಪಾಠ ಹಿಂದುಳಿದವಳನ್ನು “ನನಗೆ ಸಂತೆಯ ಚೀಲ ಹೊರಲು ಆಗುವುದಿಲ್ಲ” ಎಂದು ಮನೆಗೆ ಕರೆದೊಯ್ದು, ಹರೀರಾ ಸಾರು ಕುಡಿಸಿ, ಲೆಕ್ಕ ಕಲಿಸಿ ಕಳುಹಿಸುತ್ತಿದ್ದರು. ಆ ಚೀಲದಲ್ಲಿ ಹೆಚ್ಚೆಂದರೆ ಒಂದು ಕಟ್ಟು ಕೊತ್ತಂಬರಿ ಇರುತ್ತಿತ್ತು.

ಇಷ್ಟನ್ನು ನಾವೆಲ್ಲ ಬಲ್ಲೆವು. ಉಳಿದದ್ದನ್ನು ಬತೂಲರ ಸಾವಿನ ಮೂರನೆಯ ದಿನ, ಖುರಾನ್ ಪಠಣ ಮುಗಿದ ಮೇಲೆ ಬಾ ಅಲ್ಲಾಲ್ ನನಗೆ ಹೇಳಿದರು. ನಮ್ಮಲ್ಲಿ ಪ್ರತಿ ಮನೆಯೂ ತನ್ನ ರೊಟ್ಟಿಗೊಂದು ಗುರುತು ಒತ್ತಿ ಭಟ್ಟಿಗೆ ಕಳುಹಿಸುತ್ತದೆ. ಬತೂಲರ ಹಲಗೆಯಲ್ಲಿ ಯಾವಾಗಲೂ ಗುರುತಿಲ್ಲದ ಒಂದು ದೊಡ್ಡ ರೊಟ್ಟಿ ಹೆಚ್ಚಿಗೆ ಇರುತ್ತಿತ್ತಂತೆ. ಬೆಟ್ಟದ ಹಳ್ಳಿಗಳಿಂದ ಬಂದು ಬಾಡಿಗೆ ಕೋಣೆಗಳಲ್ಲಿದ್ದು ಓದುವ ಹುಡುಗಿಯರು, ಮನೆಯಲ್ಲಿ ಹಿಟ್ಟಿಲ್ಲದ ದಿನ ನೆರೆಯವರಿಗೆ ತಿಳಿಯಬಾರದೆಂದು ಖಾಲಿ ಹಲಗೆಗೆ ಬಟ್ಟೆ ಮುಚ್ಚಿ ಭಟ್ಟಿಗೆ ತರುತ್ತಿದ್ದರು. ಬಾ ಅಲ್ಲಾಲ್ ಆ ಬಟ್ಟೆಯಡಿ ಗುರುತಿಲ್ಲದ ರೊಟ್ಟಿಯಿಟ್ಟು ಹಲಗೆ ಮರಳಿಸುತ್ತಿದ್ದರು. ಯಾರೂ ಕೇಳುತ್ತಿರಲಿಲ್ಲ, ಯಾರೂ ಹೇಳುತ್ತಿರಲಿಲ್ಲ.

ನಲವತ್ತನೆಯ ದಿನದ ಪ್ರಾರ್ಥನೆಗೆ ಹಳೆಯ ಶಿಷ್ಯೆಯರು ಸೇರಿ, ಬತೂಲರ ಹೆಸರಿನಲ್ಲಿ ಪರೋಪಕಾರಕ್ಕೊಂದು ಪುರಸ್ಕಾರ, ಬಡ ಹುಡುಗಿಗೊಂದು ವಿದ್ಯಾರ್ಥಿವೇತನ ಎಂದು ನಿಶ್ಚಯಿಸಿದರು. ಮುಂದಾಳು ಔಷಧದಂಗಡಿಯ ಸಫಿಯ್ಯಾ. ಶಾಲೆಯ ಅಂಗಳದಲ್ಲಿ ವೇದಿಕೆ, ಹೆಸರು ಕೂಗಿ ಕರೆಯುವುದು, ಛಾಯಾಚಿತ್ರ, ಎಲ್ಲವೂ ನಿಗದಿಯಾಯಿತು. ನಾನೂ ಒಪ್ಪಿದೆ. ಸಫಿಯ್ಯಾ ಆರಿಸಿದ ಹುಡುಗಿ ಮರುದಿನವೇ ನನ್ನ ಬಾಗಿಲಿಗೆ ಬಂದಳು. ಅವಳನ್ನು ಇಲ್ಲಿ ‘ಇತ್ತೋ’ ಎಂಬ ಬೆಟ್ಟದ ಕಡೆಯ ಹೆಸರಿನಿಂದ ಕರೆಯುತ್ತೇನೆ. ನಿಜವಾದ ಹೆಸರು ಅದಲ್ಲ.

“ಅಜ್ಜಿ, ನಂಗೆ ಆ ವೇತನ ಬೇಡ. ಊರಿಗೆ ಹೋಗ್ತೀನಿ.”

“ಪರೀಕ್ಷೆ ಹತ್ರ ಬಂತಲ್ಲೇ. ಯಾಕೆ?”

“ಆ ವೇದಿಕೆ ಹತ್ತಿದ್ರೆ ನಾಳೆಯಿಂದ ಬೀದಿಯೋರು ನನ್ನ ಹಲಗೆ ಬಟ್ಟೆನೇ ನೋಡ್ತಾರೆ. ಬಾ ಅಲ್ಲಾಲ್ ಒಂದಿನವೂ ನನ್ನ ಮುಖ ನೋಡಿ ರೊಟ್ಟಿ ಕೊಟ್ಟೋರಲ್ಲ.”

ಅವಳು ಹೇಳಿದ್ದನ್ನು ತಿಳಿಸಿ ನಾನು ಸಫಿಯ್ಯಾಳನ್ನು ಭಟ್ಟಿಗೆ ಕರೆದುಕೊಂಡು ಹೋದೆ.

“ಬಂದಳಪ್ಪ ಔಷಧದ ಮಹಾರಾಣಿ,” ಎಂದರು ಬಾ ಅಲ್ಲಾಲ್. “ಅಂಗಡಿ ರೊಟ್ಟಿ ತಿಂದು ಹೊಟ್ಟೆ ಕೆಟ್ಟು ಬಂದ್ಯಾ?”

“ನಿಮ್ಮ ರೊಟ್ಟಿ ಮರೆಯೋಕಾಗತ್ತಾ ಬಾ? ಓದೋವಾಗ ನೀವೇ ಅಲ್ವಾ ಸಾಕಿದ್ದು.”

“ನಾನಾ? ನಾನು ಬೇಯಿಸಿದೆ ಅಷ್ಟೇ ಮಗಳೇ. ಹಿಟ್ಟು ನಿಮ್ಮ ಉಸ್ತಾದಾದು. ಸತ್ತ ಮೇಲೂ ಬಾಯಿ ಬಿಡಬೇಡ ಅಂದಿದ್ರು. ಈ ಬಾಯಿ ಇಷ್ಟು ವರ್ಷ ತಡೆದದ್ದೇ ಹೆಚ್ಚು.”

ಸಫಿಯ್ಯಾ ಅಲ್ಲೇ ಸೌದೆಯ ರಾಶಿಯ ಮೇಲೆ ಕುಳಿತಳು. ಕೇಳಿದಳು: “ಲಲ್ಲಾ, ನನ್ನನ್ನ ಆಗ ಯಾರಾದ್ರೂ ವೇದಿಕೆಗೆ ಕರೆದಿದ್ರೆ?”

 

ವೇದಿಕೆ ರದ್ದಾಯಿತು. ವಿದ್ಯಾರ್ಥಿವೇತನವನ್ನು ಶಾಲೆಗೂ ಕೋಣೆಯ ಒಡತಿಗೂ ನೇರವಾಗಿ ತಲುಪಿಸುತ್ತಾರೆ. ಹುಡುಗಿ ಯಾರೆಂದು ಅವರನ್ನೂ ಸಫಿಯ್ಯಾಳನ್ನೂ ನನ್ನನ್ನೂ ಬಿಟ್ಟು ಬೇರೆಯವರಿಗೆ ತಿಳಿಯದು. ಪುರಸ್ಕಾರವೆಂದರೆ ಅಕ್ರೋಟು ಮರದ ಒಂದು ಹಲಗೆ. ತಾನು ಮಾಡಿದ ಉಪಕಾರವನ್ನು ಹೇಳಿಕೊಳ್ಳದವರ ಮನೆಗೆ, ಬಟ್ಟೆ ಮುಚ್ಚಿ, ಒಳಗೆ ಗುರುತಿಲ್ಲದ ರೊಟ್ಟಿಯಿಟ್ಟು ಕಳುಹಿಸುವುದು. ಹೆಸರನ್ನು ಎಲ್ಲೂ ಬರೆಯುವುದಿಲ್ಲ. ತನ್ನ ಕಥೆಯನ್ನು ಮಾತ್ರ ಬರೆಯಲೇಬೇಕೆಂದು ಸಫಿಯ್ಯಾ ಹಟ ಹಿಡಿದಳು. ಬತೂಲರು ಇದ್ದಿದ್ದರೆ ಈ ಲೇಖನಕ್ಕೆ ನನ್ನ ಮೇಲೆ ಮುನಿಸಿಕೊಳ್ಳುತ್ತಿದ್ದರು. ಆ ಮುನಿಸಿಗಾದರೂ ಅವರು ಇರಬೇಕಿತ್ತು.

ಇತ್ತೋ ಊರಿಗೆ ಹೋಗಲಿಲ್ಲ. ಈಗ ಭಟ್ಟಿಗೆ ಗುರುತಿಲ್ಲದ ರೊಟ್ಟಿಗಳು ಹಲವು ಮನೆಗಳಿಂದ ಬರುತ್ತವೆ. ಯಾವುದು ಯಾರದೆಂದು ತಿಳಿಯದೆ ತಲೆ ಕೆಟ್ಟಿದೆಯೆಂದು ಬಾ ಅಲ್ಲಾಲ್ ಎಲ್ಲರ ಮುಂದೆ ಗೊಣಗುತ್ತಾರೆ. ನನ್ನ ಹಲಗೆಯನ್ನು ತೆಗೆದುಕೊಳ್ಳುವಾಗ ಏನೂ ಅನ್ನುವುದಿಲ್ಲ.

ಕರುಣಾಮಯನಾದ ಒಡೆಯನೇ, ನಿನ್ನ ದಾಸಿ ಬತೂಲಳ ಗೋರಿಯನ್ನು ವಿಶಾಲಗೊಳಿಸು, ಅಲ್ಲಿ ಬೆಳಕನ್ನೂ ನೆಮ್ಮದಿಯನ್ನೂ ತುಂಬು. ಅವಳು ಯಾರ ಹಲಗೆಯನ್ನೂ ಖಾಲಿ ಮರಳಿಸಲಿಲ್ಲ. ನಿನ್ನ ಮುಂದೆ ಚಾಚಿದ ಅವಳ ಕೈಯನ್ನು ನೀನೂ ಖಾಲಿ ಮರಳಿಸಬೇಡ. ಆಮೀನ್.