ಗುಂಡಿ ಒತ್ತಿದರೆ ಬದುಕುವ ರೋಗಿ

ಮೂವತ್ತು ವರ್ಷ ಕೂಡ್ಲಿಗಿಯಲ್ಲಿ ಶಸ್ತ್ರಚಿಕಿತ್ಸಕನಾಗಿದ್ದ ನಾನು, ಕಳೆದ ದೀಪಾವಳಿಗೆ ಕೊಟ್ಟೂರಿನ ತಂಗಿಯ ಮನೆಯಲ್ಲಿ ಒಬ್ಬ ರೋಗಿಯನ್ನು ಕೊಂದೆ. ಸರ್ಜನ್ ಆಗಲು ಓದುತ್ತಿರುವ ಅವಳ ಮಗಳು, ತಾನು ಅಭ್ಯಾಸ ಮಾಡುವ, ಇಲ್ಲದ್ದನ್ನು ಇದ್ದಂತೆ ತೋರಿಸುವ ವಿಆರ್ ಕನ್ನಡಕವನ್ನು ನನ್ನ ಕಣ್ಣಿಗೆ ಕಟ್ಟಿದ್ದಳು. ಎದುರಿಗೆ ಆಪರೇಷನ್ ಥಿಯೇಟರ್, ಮೇಜಿನ ಮೇಲೆ ರೋಗಿ. ರಕ್ತನಾಳವೊಂದು ಒಡೆದು ರಕ್ತ ಚಿಮ್ಮಿತು. ಅದನ್ನು ಬಿಗಿಹಿಡಿಯುವ ಇಕ್ಕಳಕ್ಕಾಗಿ ಕಣ್ಣು ಕದಲಿಸದೆ ಬಲಗೈ ಚಾಚಿ “ಕ್ಲಾಂಪ್” ಎಂದೆ. ಅಂಗೈಗೆ ಏನೂ ಬಂದು ಬೀಳಲಿಲ್ಲ.

“ಮಾಮಾ, ಅಲ್ಲಿ ಸಿಸ್ಟರ್ ಯಾರೂ ಇಲ್ಲರಿ. ನೀವೇ ತಗೋಬೇಕು,” ಎಂದು ಅವಳು ನಕ್ಕಳು. ತಂಗಿಯೂ ನಕ್ಕಳು, ಅದನ್ನು ನಾನು ಮರೆತಿಲ್ಲ. ಅಷ್ಟರಲ್ಲಿ ರೋಗಿ ಸತ್ತಿದ್ದ.

“ಚಿಂತಿ ಮಾಡಬ್ಯಾಡ್ರಿ, ನಾನೂ ಹನ್ನೊಂದು ಸಲ ಕೊಂದೀನಿ,” ಎಂದವಳೇ ಕನ್ನಡಕದ ಬದಿಯ ಗುಂಡಿ ಒತ್ತಿದಳು. ಸತ್ತವನ ಎದೆ ಮೊದಲಿನಂತೆ ಏರಿಳಿಯತೊಡಗಿತು.

ನನಗೆ ಹೊಟ್ಟೆಕಿಚ್ಚಾಯಿತು. ನಾನು ಕಲಿಯುವಾಗ, ಹೊಲಿಗೆಯ ಗಂಟು ಸಡಿಲಾಯಿತೆಂದು ನನ್ನ ಗುರುಗಳು ಎಲ್ಲರೆದುರು ಇಕ್ಕಳದಿಂದ ನನ್ನ ಬೆರಳ ಗೆಣ್ಣಿಗೆ ಹೊಡೆದಿದ್ದರು. ನನ್ನ ಮೊದಲ ತಪ್ಪಿಗೆ ಹಲವಾಗಲು ಊರಿನ ಬಾಣಂತಿಯೊಬ್ಬಳು ಪ್ರಾಣ ತೆತ್ತಳು. ಅವಳಿಗೆ ಎರಡನೆಯ ಸಲ ಎಂಬುದಿರಲಿಲ್ಲ. ಈ ಹುಡುಗಿಗೆ ಹನ್ನೊಂದೂ ಮಾಫಿ.

“ಕೊಡ್ರಿ ಮಾಮಾ, ನಾಳೆ ನನಗ ಪರೀಕ್ಷಿ ಐತಿ,” ಎಂದಳು.

ಕನ್ನಡಕ ಬಿಚ್ಚದೆ, “ಮತ್ತೆ ಸತ್ತ. ಇನ್ನೊಮ್ಮೆ ಒತ್ತು,” ಎಂದೆ.